ಎರಡೂರಿನ ರಾಶನ್ ಚೀಟಿ

ಜಹೀರಾಬಾದಿನ ಮನೆಗೆ ಬಂದಾಗ ನನಗೆ ಏಳೋ ಎಂಟೋ ವರ್ಷ. ತಾಂಡೂರಿನಲ್ಲಿ ಅವ್ವ ಜ್ವರದಿಂದ ತೀರಿಕೊಂಡು ತಿಂಗಳು ತುಂಬಿರಲಿಲ್ಲ. ಅಪ್ಪ ನನ್ನನ್ನು ರೈಲಿನಲ್ಲಿ ಕರೆತಂದು ಮೌಶಿಯ ಮನೆಯ ಕಟ್ಟೆಯ ಮೇಲೆ ಕೂರಿಸಿ, "ನಾಕು ದಿನ ಇಟ್ಕೊಳ್ರಿ, ಕೆಲಸ ಒಂದು ಹಾದಿಗಿ ಬಂದ ಮ್ಯಾಲ ಬಂದು ಒಯ್ತೀನಿ" ಎಂದ. ಕೊಟ್ಟ ನೀರು ಕುಡಿದು ಹೊರಟುಹೋದ. ನಾನು ನಾಲ್ಕು ದಿನ ಎಂದರೆ ನಾಲ್ಕೇ ದಿನ ಎಂದು ತಿಳಿದಿದ್ದೆ. ಐದನೆಯ ದಿನ ಬೆಳಿಗ್ಗೆ ನನ್ನ ಎರಡು ಲಂಗಗಳನ್ನು ಗಂಟು ಕಟ್ಟಿಕೊಂಡು ಬಾಗಿಲಲ್ಲಿ ಕುಳಿತೆ. ಮೌಶಿ ನೋಡಿದಳು, ಗಂಟು ಬಿಚ್ಚಿ ಲಂಗಗಳನ್ನು ಗೂಟಕ್ಕೆ ಹಾಕಿದಳು.

ಅವ್ವನ ತಂಗಿಗೆ ನಮ್ಮ ಕಡೆ ಮೌಶಿ ಅನ್ನುತ್ತಾರೆ. ಅವ್ವನೇ ನನಗೆ ಹಾಗೆ ಕರೆಯಲು ಕಲಿಸಿದ್ದಳು. ಮನೆಯಲ್ಲಿ ಮೌಶಿ, ಅವಳ ಗಂಡ, ಗಂಡನ ತಾಯಿ, ನನಗಿಂತ ಸಣ್ಣವರಾದ ಇಬ್ಬರು ಹೆಣ್ಣುಮಕ್ಕಳು ಇದ್ದರು. ಮೌಶಿಯ ಗಂಡನನ್ನು ನಾನು ಕಾಕಾ ಅನ್ನುತ್ತಿದ್ದೆ, ಮುದುಕಿಯನ್ನು ಎಲ್ಲರೂ ಆಯಿ ಅನ್ನುತ್ತಿದ್ದೆವು. ಕಾಕಾ ಬಟ್ಟೆ ಹೊಲಿಯುವವನು. ಎಲ್ಲೋ ದೊಡ್ಡ ಯುದ್ಧ ನಡೆದಿತ್ತು, ಅದಕ್ಕೆ ಬಟ್ಟೆ ಸಿಗುತ್ತಿಲ್ಲ ಎನ್ನುತ್ತಿದ್ದರು. ಕಾಕಾ ಮಿಷಿನ್ನಿನ ಮುಂದೆ ಹಳೆಯ ಅಂಗಿಗೆ ತೇಪೆ ಹಾಕುತ್ತ ಕೂರುತ್ತಿದ್ದ. ತೇಪೆ ಹಾಕಿಸಲೂ ಯಾರೂ ಬಾರದ ದಿನ ಸುಮ್ಮನೆ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ.

ಜೋಳವೂ ಹಾಗೇ ಆಗಿತ್ತು. ಬೆಳೆದವರ ಕಣದಿಂದಲೇ ಸರಕಾರ ಲೇವಿ ಎಂದು ಜೋಳ ಅಳೆದುಕೊಂಡು ಹೋಗುತ್ತಿತ್ತು. ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಕಂಟ್ರೋಲ್ ಅಂಗಡಿಯಲ್ಲಿ ಚೀಟಿ ತೋರಿಸಿದರೆ ವಾರಕ್ಕೊಮ್ಮೆ ತಲೆಗೆ ಇಷ್ಟು ಎಂದು ಅಳೆದು ಕೊಡುತ್ತಿದ್ದರು, ದೊಡ್ಡವರಿಗೆ ಒಂದು ಪಾಲು, ಮಕ್ಕಳಿಗೆ ಅರ್ಧ. ನಾರಾಯಣಖೇಡದ ಕಡೆಯಿಂದ ಬಂಡಿಯಲ್ಲಿ ಬರುತ್ತಿದ್ದ ಆ ಜೋಳಕ್ಕೆ ನೆಲದೊಳಗಿನ ಹಗೇವಿನ ಮುಗ್ಗಲು ವಾಸನೆ. ರೊಟ್ಟಿ ಬಡಿದರೆ ಮನೆಯೆಲ್ಲ ಅದೇ ವಾಸನೆ.

ನಮ್ಮ ಮನೆಯ ಚೀಟಿಯಲ್ಲಿ ಐದೇ ಹೆಸರು. ನಾನು ಆರನೆಯವಳು.

ಚೀಟಿ ಬರೆಯಲು ಗುಮಾಸ್ತ ಮನೆಗೆ ಬಂದ ದಿನ ನಾನು ಅಂಗಳದಲ್ಲೇ ಇದ್ದೆ. ಎರಡು ಕಡೆ ಹೆಸರು ಬರೆಸಿದವರನ್ನು ಹಿಡಿದುಕೊಂಡು ಹೋಗುತ್ತಾರೆ ಎಂದು ಮೊದಲೇ ಡಂಗುರ ಸಾರಿದ್ದರು. ಕಾಕಾ ಹೆದರುವ ಮನುಷ್ಯ. ನನ್ನನ್ನು ತೋರಿಸಿ, "ಈ ಹುಡುಗಿ ತಾಂಡೂರಿಂದರಿ, ಇದರ ಹೆಸರು ಅಲ್ಲೇ ಇರ್ತದ" ಎಂದುಬಿಟ್ಟ. ಗುಮಾಸ್ತ ತಲೆಯಾಡಿಸಿ ಮುಂದಿನ ಮನೆಗೆ ಹೋದ. ನನ್ನ ಹೆಸರು ತಾಂಡೂರಿನಲ್ಲಿ ಇದ್ದು, ನಾನು ಇಲ್ಲಿರುವುದು ಹೇಗೆ ಎಂದು ಆ ದಿನವೆಲ್ಲ ನಾನು ಯೋಚಿಸಿದೆ. ಅವ್ವ ನನ್ನ ಹೆಸರು ಕೂಗುತ್ತಿದ್ದುದನ್ನು ನೆನೆಸಿ, ಹೆಸರು ಅಲ್ಲೇ ಎಲ್ಲೋ ಬಾಗಿಲ ಹತ್ತಿರ ಉಳಿದುಬಿಟ್ಟಿರಬಹುದು ಅಂದುಕೊಂಡೆ.

ಮೌಶಿ ರೊಟ್ಟಿ ಬಡಿದು ಬುಟ್ಟಿಗೆ ಹಾಕುವಾಗ ನಾನು ಎಣಿಸುತ್ತಿದ್ದೆ. ನನ್ನ ತಾಟಿಗೆ ರೊಟ್ಟಿ ಬೀಳುತ್ತಿತ್ತು, ಅವಳ ತಾಟಿನಲ್ಲಿ ಅರ್ಧ ಇರುತ್ತಿತ್ತು. ಕೇಳಿದರೆ "ನನಗ ಹೊಟ್ಟಿ ಹಸಿವಿಲ್ಲ" ಅನ್ನುತ್ತಿದ್ದಳು. ದಿನಾ ಹೊಟ್ಟೆ ಹಸಿಯದ ಮನುಷ್ಯರು ಇರುತ್ತಾರೆ ಎಂದು ನಾನು ನಂಬಿದ್ದೆ. ಒಂದು ದಿನ ಆಯಿ ಗೋಡೆಗೆ ಒರಗಿ, "ಐದು ಮಂದಿ ಜ್ವಾಳದಾಗ ಆರು ಮಂದಿ ಎಷ್ಟು ದಿನ ತಿಂತೀರಿ? ಹೆಸರು ಬರೆಸ್ರಿ, ಇಲ್ಲಾ ಹುಡುಗಿನ ಕಳಸ್ರಿ" ಎಂದಳು. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಹೇಳಿದ ಮೇಲೆ ನನ್ನನ್ನು ಹತ್ತಿರ ಕರೆದು ತಲೆಯ ಹೇನು ನೋಡಿದಳು.

ಮರುದಿನ ಮೌಶಿ ನನ್ನನ್ನು ತಹಶೀಲ್ ಕಚೇರಿಗೆ ಕರೆದುಕೊಂಡು ಹೋದಳು. ರಾಶನ್ನಿನ ಕಿಟಕಿಯಲ್ಲಿ ಬಿಳಿ ಗಡ್ಡದ ಒಬ್ಬ ಮುನ್ಶಿ ಕೂರುತ್ತಿದ್ದ. ಎಲ್ಲವೂ ಉರ್ದುವಿನಲ್ಲಿ. ಅವನು ಮೌಶಿಯ ಮಾತು ಪೂರ್ತಿ ಕೇಳಿ ನಮ್ಮ ಮಾತಿನಲ್ಲೇ ಹೇಳಿದ: "ತಾಂಡೂರು ಬ್ಯಾರೆ ಜಿಲ್ಲಾ ಅಮ್ಮಾ, ಗುಲ್ಬರ್ಗಾದ್ದು. ಅಲ್ಲಿ ಹೆಸರು ಅದ ಅಂದ್ರ ಅಲ್ಲಿ ಕಡಿಸಿ ಕಾಗದ ತರ್ರಿ. ಇಲ್ಲ ಅಂದ್ರ ಇಲ್ಲ ಅಂತ ಕಾಗದ ತರ್ರಿ."

"ಅದನೋ ಇಲ್ಲೋ ನಮಗೇ ಗೊತ್ತಿಲ್ಲ ಸಾಹೇಬ್ರ."

"ಅದಕ್ಕೇ ಹೋಗಿ ನೋಡ್ರಿ."

ಕಾಕಾ ಅಪ್ಪನಿಗೆ ಎರಡು ಕಾಗದ ಬರೆಸಿ ಹಾಕಿದ, ಉತ್ತರ ಬರಲಿಲ್ಲ. ಕೊನೆಗೆ ಮೌಶಿಯೇ ನನ್ನನ್ನು ಕರೆದುಕೊಂಡು ರೈಲು ಹತ್ತಿದಳು. ಅಲ್ಲಿಯತನಕ ಅವಳು ಒಬ್ಬಳೇ ಝರಾಸಂಗಮದ ತವರಿಗೆ ಬಿಟ್ಟರೆ ಎಲ್ಲಿಗೂ ಹೋದವಳಲ್ಲ. ವಿಕಾರಾಬಾದಿನಲ್ಲಿ ಇಳಿದು ಬೇರೆ ಗಾಡಿ ಹತ್ತಬೇಕಿತ್ತು. ಯಾವ ಗಾಡಿ ಎತ್ತ ಹೋಗುತ್ತದೆ ಎಂದು ನಾಲ್ಕು ಜನರನ್ನು ಕೇಳಿದಳು, ಇಬ್ಬರು ಒಂದು ಕಡೆ ಕೈ ತೋರಿಸಿದರು, ಇಬ್ಬರು ಇನ್ನೊಂದು ಕಡೆ. ನನ್ನ ಮಣಿಕಟ್ಟನ್ನು ಅವಳು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒತ್ತಿ ಗುರುತು ಮೂಡಿತ್ತು.

ತಾಂಡೂರಿನ ನಮ್ಮ ಮನೆಗೆ ಬೀಗ. ಅಪ್ಪ ಕಲ್ಲಿನ ಗಣಿಯ ಕೆಲಸಕ್ಕೆ ಶಹಾಬಾದಿನ ಕಡೆ ಹೋಗಿ ತಿಂಗಳುಗಳೇ ಆಗಿದ್ದವಂತೆ. ಪಕ್ಕದ ಓಣಿಯಲ್ಲೇ ಅಪ್ಪನ ಅಣ್ಣನ ಮನೆ. ದೊಡ್ಡವ್ವ ನನ್ನನ್ನು ನೋಡಿ ಅತ್ತಳು, ಕೆನ್ನೆ ಸವರಿದಳು, ಅಂಬಲಿ ಕೊಟ್ಟಳು. ಮೌಶಿ ಬಂದ ಕೆಲಸ ಹೇಳುತ್ತಿದ್ದ ಹಾಗೆ ಅವಳ ಮುಖ ಬೇರೆಯಾಯಿತು. ನನ್ನ ಹೆಸರು ಆ ಮನೆಯ ಚೀಟಿಯಲ್ಲಿತ್ತು. ಅಪ್ಪ ಹೋಗುವಾಗ ತನ್ನದೂ ನನ್ನದೂ ಅಲ್ಲಿ ಬರೆಸಿಟ್ಟು ಹೋಗಿದ್ದ. ಇಷ್ಟು ದಿನ ನನ್ನ ಅರ್ಧ ಪಾಲು ಆ ಮನೆಗೆ ಬರುತ್ತಿತ್ತು. ಅಲ್ಲಿ ನಾಲ್ಕು ಮಕ್ಕಳು, ಐದನೆಯದು ಮಡಿಲಲ್ಲಿ, ಹುಟ್ಟಿ ವರ್ಷವಾಗಿದ್ದರೂ ಹೆಸರು ಚೀಟಿಗೆ ಏರಿರಲಿಲ್ಲ.

"ಆಕಿ ಹೆಸರು ಕಡಿಸಿದ್ರ ಈ ಕೂಸಿಗಿ ಏನ್ ಹಾಕ್ಲಿ?" ಎಂದಳು ದೊಡ್ಡವ್ವ.

"ಆಕಿ ಅಲ್ಲಿ ಉಣ್ಣಾಕತ್ಯಾಳಲ್ರಿ ಅಕ್ಕೋರ? ಆಕಿ ಪಾಲು ಆಕಿಗಿ ಬ್ಯಾಡೇನು?"

"ಹಂಗಾದ್ರ ಇಲ್ಲೇ ಬಿಟ್ಟು ಹೋಗು. ಆಕಿ ಜ್ವಾಳ ಇಲ್ಲಿ ಅದ, ಆಕಿನೂ ಇಲ್ಲಿ ಇರ್ಲಿ. ನೀ ಆಕಿಗಿ ಏನಾಗಬೇಕು? ಒಡಹುಟ್ಟಿದಾಕಿ ಮಗಳೇನು? ಝರಾಸಂಗಮದಾಗ ನಿಂದೂ ಆಕಿ ಅವ್ವಂದೂ ಒಂದೇ ಗ್ವಾಡಿ ಮನಿ ಇದ್ವು, ಅಷ್ಟೇ. ಬಾಯಾಗ ಅಕ್ಕ ತಂಗಿ ಅಂದ್ರ ರಕ್ತ ಆಗ್ತದೇನು?"

ಮೌಶಿ ತಲೆ ತಗ್ಗಿಸಿದಳು. ನಾನು ಅಂಬಲಿಯ ಬಟ್ಟಲನ್ನು ಕೆಳಗಿಟ್ಟೆ. ಮೌಶಿ ಅವ್ವನ ತಂಗಿ ಅಲ್ಲ ಎಂಬುದು ನನಗೆ ಗೊತ್ತಾದದ್ದು ಹೀಗೆ. ನನಗೆ ಮೊದಲು ಬಂದ ಯೋಚನೆ ವಿಚಿತ್ರವಾದದ್ದು: ಹಾಗಾದರೆ ಇಷ್ಟು ದಿನ ತಿಂದ ರೊಟ್ಟಿ ಯಾರದ್ದು? ನನ್ನದನ್ನು ಇಲ್ಲಿ ಈ ಮಕ್ಕಳು ತಿಂದರು, ಅಲ್ಲಿ ನಾನು ಮೌಶಿಯದನ್ನು ತಿಂದೆ. ಯಾರನ್ನು ಬಯ್ಯಬೇಕು, ಯಾರಿಗೆ ನಾಚಿಕೆಯಾಗಬೇಕು ಎಂದು ತಿಳಿಯಲಿಲ್ಲ. ದೊಡ್ಡವ್ವನ ಮಡಿಲಿನ ಕೂಸು ನನ್ನನ್ನೇ ನೋಡಿ ನಗುತ್ತಿತ್ತು.

ದೊಡ್ಡವ್ವ ನನ್ನ ಕಡೆ ತಿರುಗಿ, "ನೀನೇ ಹೇಳವ್ವಾ, ಎಲ್ಲಿರ್ತಿ?" ಎಂದಳು.

ಇಬ್ಬರೂ ನನ್ನನ್ನು ನೋಡುತ್ತಿದ್ದರು. ಸರಿಯಾದ ಉತ್ತರ ಒಂದಿದೆ, ಅದನ್ನು ಹೇಳಬೇಕು ಎಂದು ಮಾತ್ರ ನನಗೆ ಅನ್ನಿಸಿತು. ಹೆಸರು ಎರಡು ಕಡೆ ಇರಬಾರದು ಎಂದು ಡಂಗುರದವನು ಸಾರಿದ್ದು ನೆನಪಾಯಿತು. "ಹೆಸರು ಎಲ್ಲಿ ಅದ ಅಲ್ಲಿ" ಎಂದೆ.

ಮೌಶಿ ಎದ್ದು ಹಿತ್ತಲಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ನಾನು ಏನೋ ತಪ್ಪು ಹೇಳಿದೆ ಎಂದು ತಿಳಿಯಿತು. ಆದರೆ ಯಾವುದು ತಪ್ಪು ಎಂದು ತಿಳಿಯಲಿಲ್ಲ. ಹೋಗಿ ನೋಡಿದರೆ ಅವಳು ಅಲ್ಲಿ ಬಿದ್ದಿದ್ದ ಪಾತ್ರೆಗಳನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದಳು, ಯಾರೂ ತಿಕ್ಕಲು ಹೇಳಿರಲಿಲ್ಲ. ನಾನು ಪಕ್ಕದಲ್ಲಿ ಕುಳಿತು ನೀರು ಹೊಯ್ದು ಕೊಟ್ಟೆ. ತೆಗೆದುಕೊಂಡಳು.

ಹೊತ್ತು ಮುಳುಗುವಾಗ ದೊಡ್ಡಪ್ಪ ಗಣಿಯಿಂದ ಬಂದ. ಹುಬ್ಬಿನವರೆಗೂ ಕಲ್ಲಿನ ಬೂದು ಧೂಳು. ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಇಬ್ಬರ ಮಾತನ್ನೂ ಕೇಳಿದ. ಆಮೇಲೆ ದೊಡ್ಡವ್ವನಿಗೆ ಹೇಳಿದ: "ಹುಡುಗಿ ತೆಳ್ಳಗ ಆಗಿಲ್ಲ. ನೋಡಿದೇನು? ಅಲ್ಲಿ ಯಾರೋ ಉಣ್ಣಾಕ ಹಾಕ್ಯಾರ. ಆ ಹೆಣ್ಣುಮಗಳ ಮೈ ನೋಡು, ಆಕಿ ತೆಳ್ಳಗ ಆಗ್ಯಾಳ."

ದೊಡ್ಡವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಬೆಳಿಗ್ಗೆ ದೊಡ್ಡಪ್ಪ ಕೆಲಸಕ್ಕೆ ಹೋಗದೆ ನಮ್ಮ ಜೊತೆ ಕಚೇರಿಗೆ ಬಂದು ನನ್ನ ಹೆಸರು ಕಡಿಸಿ, ಮೊಹರು ಬಿದ್ದ ಕಾಗದವನ್ನು ಮೌಶಿಯ ಕೈಗೆ ಕೊಟ್ಟ. ಆಗಲೇ ತನ್ನ ಕೂಸಿನ ಹೆಸರು ಸೇರಿಸಲು ಕೇಳಿದ. ಮುಂದಿನ ತಿಂಗಳು ಬಾ ಎಂದರು. ಹೊರಡುವಾಗ ದೊಡ್ಡವ್ವ ನಮ್ಮ ಮುಖ ನೋಡದೆ ಹಾದಿಗೆಂದು ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಟ್ಟಳು.

ಜಹೀರಾಬಾದಿನ ಮುನ್ಶಿ ಕಾಗದವನ್ನು ಎರಡು ಸಲ ಓದಿ ದೊಡ್ಡ ಪುಸ್ತಕ ತೆರೆದ. ಹೆಸರು ಕೇಳಿದ, ವಯಸ್ಸು ಕೇಳಿದ. ಆಮೇಲೆ ಲೇಖನಿ ಎತ್ತಿ ಹಿಡಿದು, "ಈ ಹುಡುಗಿ ನಿಮಗ ಏನಾಗಬೇಕು?" ಎಂದ.

ಅಕ್ಕನ ಮಗಳು ಎಂದರೆ ಮುಗಿದುಹೋಗುತ್ತಿತ್ತು. ತಾಂಡೂರಿಗೆ ಹೋಗುವ ಮೊದಲಾಗಿದ್ದರೆ ಅವಳು ಹಾಗೇ ಹೇಳುತ್ತಿದ್ದಳು ಎಂದು ಈಗ ನನಗೆ ಅನ್ನಿಸುತ್ತದೆ. ಆ ದಿನ ಅವಳು ನನ್ನ ಮುಖ ನೋಡಿದಳು, ಪುಸ್ತಕ ನೋಡಿದಳು. ನಮ್ಮ ಹಿಂದೆ ನಿಂತವರು ಗೊಣಗತೊಡಗಿದರು.

"ಏನೂ ಆಗಬೇಕಾಗಿಲ್ಲರಿ" ಎಂದಳು. "ನಮ್ಮ ಮನ್ಯಾಗ ಇರ್ತಾಳ."

"ಕೆಲಸದಾಕೀನಾ?"

"ಅಲ್ರಿ!"

"ಮತ್ತ ಇಲ್ಲಿ ಏನಂತ ಬರೀಲಿ?"

"ನಾ ಉಂಡದ್ದೇ ಆಕಿನೂ ಉಣ್ತಾಳ್ರಿ. ಅದಕ್ಕ ನಿಮ್ಮ ಮಾತಿನಾಗ ಏನಂತಾರೋ ಅದು ಬರೀರಿ."

ಮುನ್ಶಿ ಲೇಖನಿಯನ್ನು ಮಸಿಗೆ ಅದ್ದಿದ. ಆಮೇಲೆ "ಪರ್ವರ್ದಾ" ಎಂದು ತನಗೆ ತಾನೇ ಹೇಳಿಕೊಂಡು ಬರೆದ. ಅದರ ಅರ್ಥ ಏನೆಂದು ಮೌಶಿ ಕೇಳಲಿಲ್ಲ. ಬರೆದದ್ದೇ ಸಾಕು ಎಂಬಂತೆ ಚೀಟಿ ಸೆರಗಿಗೆ ಕಟ್ಟಿಕೊಂಡು ಬೇಗ ಬೇಗ ನಡೆದಳು.

ಮನೆಯಲ್ಲಿ ಆ ಪದ ಯಾರಿಗೂ ಗೊತ್ತಿರಲಿಲ್ಲ. ಕಾಕಾ "ಪರದಾ ಅಂದ್ರ ಬಾಗಲಿಗಿ ಕಟ್ಟೂದು" ಎಂದ. ಆಯಿಗೆ ಕಿವಿ ಮಂದ. "ಪರದೇಶಿ ಅಂತ ಬರದಾನೇನು? ಹೌದಲ್ಲಾ, ತಾಯಿ ಇಲ್ಲದ್ದು" ಎಂದುಬಿಟ್ಟಳು. ಮೌಶಿ ಎಂದೂ ಅತ್ತೆಗೆ ಎದುರಾಡಿದವಳಲ್ಲ. ಆ ದಿನ, "ಪರದೇಶಿ ಯಾಕ ಆಗ್ತಾಳ್ರಿ, ನಾವೆಲ್ಲ ಸತ್ತೀವೇನು?" ಎಂದು ಜೋರಾಗಿ ಕೇಳಿ, ಕೇಳಿದ್ದಕ್ಕೆ ತಾನೇ ಹೆದರಿ ಒಲೆಯ ಮುಂದೆ ಕುಳಿತಳು. ನಾನು ಬಹಳ ದಿನ ನನ್ನನ್ನು ಸರಕಾರ ಪರದೇಶಿ ಎಂದು ಬರೆದುಕೊಂಡಿದೆ ಎಂದೇ ತಿಳಿದಿದ್ದೆ. ಕಂಟ್ರೋಲ್ ಅಂಗಡಿಯಲ್ಲಿ ನನ್ನ ಸರದಿ ಬಂದಾಗ ಅಂಗಡಿಯವನು ಗಟ್ಟಿಯಾಗಿ ಓದಿಬಿಟ್ಟಾನು ಎಂದು ಮೌಶಿಯ ಸೀರೆಯ ಹಿಂದೆ ನಿಲ್ಲುತ್ತಿದ್ದೆ. ಅವನು ಓದುತ್ತಿರಲಿಲ್ಲ, ಬರೀ ಅಳೆಯುತ್ತಿದ್ದ. ಮುಂದೆ ಸಾಲೆಯಲ್ಲಿ ಉರ್ದು ಕಲಿತಾಗ, ಪರ್ವರ್ದಾ ಎಂದರೆ ಸಾಕಿದ್ದು ಎಂದು ಗೊತ್ತಾಯಿತು. ಆಗ ಅದನ್ನು ಹೇಳಲು ಆಯಿ ಇರಲಿಲ್ಲ.

ನನ್ನ ಪಾಲು ಬಂದ ಮೊದಲ ವಾರ ಮೌಶಿ ತನ್ನ ತಾಟಿಗೆ ಇಡೀ ರೊಟ್ಟಿ ಹಾಕಿಕೊಂಡಳು. ನಾನು ನೋಡಿದೆ. ಎರಡನೆಯ ವಾರ ಅವಳು ಆ ಜೋಳದಲ್ಲಿ ಎರಡು ಹಿಡಿ ತೆಗೆದು ಸಣ್ಣ ಅರಿವೆಯಲ್ಲಿ ಕಟ್ಟಿಟ್ಟಳು. ವಾರವಾರವೂ ಹಾಗೇ. ಗಂಟು ಸ್ವಲ್ಪ ದಪ್ಪಗಾದ ಮೇಲೆ, ಓಣಿಯ ಹೆಂಗಸೊಬ್ಬಳು ತಾಂಡೂರಿನ ಬೀಗರ ಮನೆಗೆ ಹೊರಟಾಗ ಅವಳ ಕೈಯಲ್ಲಿ ದೊಡ್ಡವ್ವನಿಗೆ ಕಳಿಸಿದಳು.

"ಮತ್ತ ಹೆಸರು ಯಾಕ ಕಡಿಸಿದ್ವಿ ಮೌಶಿ?" ಎಂದು ಕೇಳಿದೆ. ನನಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಅಷ್ಟು ದೂರ ಹೋಗಿ, ಅಷ್ಟು ಮಾತು ಕೇಳಿ, ತಂದದ್ದನ್ನೇ ತಿರುಗಿ ಕಳಿಸುವುದು.

"ಆ ಕೂಸಿಂದು ಇನ್ನೂ ಬರದಿಲ್ಲಂತ" ಎಂದಳು. ಅಷ್ಟೇ.

ಆ ಕೂಸಿನ ಹೆಸರು ಚೀಟಿಗೆ ಏರಿತೆಂದು ಸುದ್ದಿ ಬಂದ ಮೇಲೆ ಗಂಟು ಕಟ್ಟುವುದು ನಿಂತಿತು. ಅದೇ ಸುಮಾರಿಗೆ ಎಲ್ಲರ ಪಾಲನ್ನೂ ಕಡಿಮೆ ಮಾಡಿದರು. ಮತ್ತೆ ಮೌಶಿಗೆ ಹಸಿವಿಲ್ಲದ ದಿನಗಳು ಬಂದವು. ಅಷ್ಟರಲ್ಲಿ ನಾನು ಸ್ವಲ್ಪ ಬಲ್ಲವಳಾಗಿದ್ದೆ. ನನಗೂ ಹಸಿವಿಲ್ಲ ಎಂದೆ. ಬೆನ್ನಿಗೆ ಒಂದು ಏಟು ಬಿತ್ತು, ತಾಟಿಗೆ ರೊಟ್ಟಿಯೂ ಬಿತ್ತು.

ಅಪ್ಪ ಬಂದದ್ದು ಅದರ ಮುಂದಿನ ಬೇಸಿಗೆಯಲ್ಲಿ. ಹಲ್ಲು ಎರಡು ಹೋಗಿದ್ದವು. ನನಗೆ ಬಾಯಿ ತುಂಬ ಮಾತಾಡಲು ಬರಲಿಲ್ಲ, ಅವನಿಗೂ ಅಷ್ಟೇ. ಊಟವಾದ ಮೇಲೆ ಮೌಶಿ ಚೀಟಿ ತಂದು ತೋರಿಸಿದಳು. ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು, "ಇದರಾಗ ನಿನ್ನ ಹೆಸರು ಯಾವುದು?" ಎಂದು ನನ್ನನ್ನು ಕೇಳಿದ. ನನಗೂ ಆಗಿನ್ನೂ ಓದಲು ಬರುತ್ತಿರಲಿಲ್ಲ. ಒಂದು ಸಾಲಿನ ಮೇಲೆ ಬೆರಳಿಟ್ಟೆ. ಅದು ಆಯಿಯದೋ ಯಾರದೋ. ಅಪ್ಪ ಆ ಸಾಲನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದ. ಹೆಬ್ಬೆರಳಿಗೆ ಕಲ್ಲು ಬಿದ್ದು ಉಗುರು ಕಪ್ಪಾಗಿತ್ತು.

"ಒಯ್ಲೇನು?" ಎಂದು ಮೌಶಿಯನ್ನು ಕೇಳಿದ.

"ಆಕಿನ್ನ ಕೇಳ್ರಿ" ಎಂದಳು ಮೌಶಿ. ಹೇಳಿದವಳು ನನ್ನ ಕಡೆ ನೋಡಲಿಲ್ಲ.

ಈ ಸಲ ನಾನು ಉತ್ತರ ಯೋಚಿಸಲಿಲ್ಲ. ಮೌಶಿಯ ಹಿರಿಯ ಮಗಳ ಜಡೆ ಅರ್ಧ ಹೆಣೆದು ಬಿಟ್ಟಿದ್ದೆ, ಅವಳು ಅಂಗಳದಲ್ಲಿ ಕೂಗುತ್ತಿದ್ದಳು. "ಜಡಿ ಹಾಕಿ ಬರ್ತೀನಿ" ಎಂದು ಹೊರಗೆ ಓಡಿದೆ. ಜಡೆ ಮುಗಿಸಿ ಒಳಗೆ ಬಂದಾಗ ಅಪ್ಪನೂ ಕಾಕಾನೂ ಶಹಾಬಾದಿನ ಗಣಿಗಳ ಮಾತಿಗೆ ತೊಡಗಿದ್ದರು. ಆ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಮಧ್ಯಾಹ್ನದ ಗಾಡಿಗೆ ಅಪ್ಪ ಒಬ್ಬನೇ ಹೊರಟ. ಆಮೇಲೆ ವರ್ಷಕ್ಕೊಮ್ಮೆಯಾದರೂ ಬಂದು ನೋಡಿಕೊಂಡು ಹೋಗುತ್ತಿದ್ದ. ನಾನು ಮದುವೆಯಾಗಿ ನಾರಾಯಣಖೇಡಕ್ಕೆ ಹೋಗುವ ತನಕ ಮೌಶಿಯ ಮನೆಯಲ್ಲೇ ಇದ್ದೆ.