ಗುಂಡನ ಜವಳ, ಸಿಂಗಪುರದ ಕೌಂಟರ್

"ಈ ಮಗು ಎಲ್ಲಿ?"

ಸಿಂಗಪುರದ ವಿಮಾನ ನಿಲ್ದಾಣದ ಇಮಿಗ್ರೇಷನ್ ಕೌಂಟರಿನಲ್ಲಿದ್ದ ಹೆಣ್ಣುಮಗಳು ಪಾಸ್‌ಪೋರ್ಟನ್ನು ನನ್ನತ್ತ ತಿರುಗಿಸಿ ಇಂಗ್ಲಿಷಿನಲ್ಲಿ ಕೇಳಿದಳು. ನನ್ನ ಸೊಂಟದ ಮೇಲಿದ್ದ ಮೂರು ವರ್ಷದ ಮಗನನ್ನು ಸ್ವಲ್ಪ ಮೇಲಕ್ಕೆತ್ತಿ ತೋರಿಸಿದೆ. ಇದೇ ಮಗು ಮೇಡಂ, ಎಂದೆ.

ಆಕೆ ಫೋಟೊ ನೋಡಿದಳು. ಮಗನನ್ನು ನೋಡಿದಳು. ಮತ್ತೆ ಫೋಟೊ ನೋಡಿದಳು.

ಫೋಟೊದಲ್ಲಿರುವುದು ಬೈತಲೆ ತೆಗೆದು, ಹಿಂದಕ್ಕೆ ಜುಟ್ಟು ಕಟ್ಟಿದ, ಕೆನ್ನೆ ತುಂಬಿದ ಕೂಸು. ಥೇಟ್ ಹೆಣ್ಣುಮಗು. ಅದರ ಪಕ್ಕದಲ್ಲಿ 'ಗಂಡು' ಎಂದು ಮುದ್ರೆಯಾಗಿದೆ. ಎದುರಿಗೆ ಇರುವುದು ನುಣ್ಣನೆಯ ಬೋಳು ತಲೆ, ಮೇಲೊಂದು ಗಂಧದ ಕಲೆ. ಪಾಪ, ಆಕೆಯಾದರೂ ಏನು ಮಾಡಬೇಕು?

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ.

ನಾವು ಫಾರಿನ್‌ಗೆ ಹೊರಟ ಸುದ್ದಿ ನಾವು ಹೇಳುವ ಮೊದಲೇ ಶಿಕಾರಿಪುರಕ್ಕೆಲ್ಲ ಗೊತ್ತಾಗಿತ್ತು. ಪಾಸ್‌ಪೋರ್ಟ್ ವಿಚಾರಣೆಗೆಂದು ಪೊಲೀಸರು ಮನೆಗೆ ಬಂದ ದಿನವೇ ಇಡೀ ಬೀದಿ ಬಾಗಿಲಿಗೆ ಬಂದಿತ್ತು. "ಏನಾತ್ರೀ ಟೀಚರ್, ಯಜಮಾನ್ರು ಏನರ ಗಲಾಟಿ ಮಾಡ್ಕೊಂಡ್ರಾ?" ಎಂದು ಎದುರುಮನೆಯಾಕೆ ಕೇಳಿದ್ದರು. ನಮ್ಮನೆಯವರು ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡವರು. ಮೋಟಾರಿನ ಜೊತೆ ಬಿಟ್ಟರೆ ಯಾರ ಜೊತೆಗೂ ಗಲಾಟೆ ಮಾಡಿದವರಲ್ಲ. ಸಿಂಗಪುರಕ್ಕೆ ಹೋಗ್ತಿದ್ದೀವಿ ಎಂದೆ. ಸಂಜೆಯೊಳಗೆ ಹಾಲಿನವನೂ ಕೇಳಿದ: "ಎಷ್ಟು ದಿನ ಹಾಲು ಬ್ಯಾಡ್ರೀ?"

ಎಂಟು ವರ್ಷದ ಮಗಳು ಸಿಂಚನಾ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಹೊಡೆಯುತ್ತ ಕೂತಿದ್ದಳು. ಡಾಲ್ಫಿನ್ ನೋಡುವುದೊಂದೇ ಅವಳ ಧ್ಯಾನ. ಮಗ ಗುಂಡನಿಗೆ ವಿಮಾನ. (ಸರ್ಟಿಫಿಕೇಟಿನಲ್ಲಿ ಅವನ ಹೆಸರು ಋತ್ವಿಕ್. ಅದು ಅವನಿಗೇ ಗೊತ್ತಿಲ್ಲ ಎಂಬುದು ಮುಂದೆ ತಿಳಿಯಲಿದೆ.) ನಾನೇನು ಕಡಿಮೆಯೇ? ಹೈಸ್ಕೂಲಿನಲ್ಲಿ ಗಣಿತ ಹೇಳುವವಳು ನಾನು, ಪ್ಯಾಕಿಂಗಿಗೂ ಒಂದು ಕೋಷ್ಟಕ ಬರೆದಿದ್ದೆ. ನಮ್ಮ ಅತ್ತೆಯೂ ಬರುವವರಿದ್ದರು. ಅವಲಕ್ಕಿ, ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಎಂದು ಅವರದೇ ಒಂದು ಬ್ಯಾಗು. ಟಿಕೆಟ್ ಆಗಿತ್ತು, ವೀಸಾ ಆಗಿತ್ತು. ಹೊರಡಲು ಒಂಬತ್ತು ದಿನ ಇತ್ತು.

ಆಗ ಅತ್ತೆ ಕೇಳಿದರು: "ಸುಮಾ, ಗುಂಡನ ಜವಳ?"

ಗುಂಡನ ಹುಟ್ಟುಗೂದಲನ್ನು ಮನೆದೇವರಿಗೆ ಕೊಡುತ್ತೇವೆಂದು ಹರಕೆ ಹೇಳಿಕೊಂಡಿದ್ದೆವು. ಅವನಿಗೆ ಮೂರು ತುಂಬಿದ್ದರೂ ಒಂದಲ್ಲ ಒಂದು ಕಾರಣಕ್ಕೆ ಅದು ಮುಂದಕ್ಕೆ ಹೋಗುತ್ತಲೇ ಇತ್ತು. ಹೋಗಿ ಬಂದ ಮೇಲೆ ಮಾಡಿಸಿದರಾಯಿತು ಎಂದೆ.

"ಹೆಂಗ ಆಕ್ಕೈತಿ? ಆ ಕೂದ್ಲು ದೇವ್ರಿಗೆ ಹೇಳ್ಕೊಂಡಿದ್ದು. ದೇವ್ರ ಸ್ವತ್ತು ತಲಿ ಮ್ಯಾಲೆ ಹೊತ್ಕೊಂಡು ಸಮುದ್ರ ದಾಟ್ತೀರೇನು?"

ಹಾಗಾದರೆ ದೇವರಿಗೂ ಒಂದು ವೀಸಾ ಮಾಡಿಸಬೇಕಿತ್ತು ಎಂದು ಬಾಯಿ ತುದಿಗೆ ಬಂತು. ನುಂಗಿಕೊಂಡೆ. ಹೊರಡುವ ಹೊತ್ತಿನಲ್ಲಿ ಅತ್ತೆಯ ಮುಖ ಬಾಡಿದರೆ ಯಾವ ಡಾಲ್ಫಿನ್ ಕುಣಿದು ಏನು ಪ್ರಯೋಜನ? ಮೂರನೇ ದಿನವೇ ಮನೆದೇವರ ಸನ್ನಿಧಿಯಲ್ಲಿ ಜವಳವಾಯಿತು. ಗುಂಡನನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದವನು ಸೋದರಮಾವ. ನನ್ನ ತವರೂರು ಕುಪ್ಪಗಡ್ಡೆಯಿಂದ ತಮ್ಮ ರವಿ ಹೊಸ ಪಂಚೆ ಉಟ್ಟುಕೊಂಡು ಬಂದ, ಕೂರಿಸಿಕೊಂಡ. ಗುಂಡ ಅತ್ತ ಅಳುವಿಗೆ ದೇವಸ್ಥಾನದ ಪಾರಿವಾಳಗಳೆಲ್ಲ ಎದ್ದು ಹೋದವು. ಯಾರೋ ಅಷ್ಟನ್ನೂ ವಿಡಿಯೊ ಮಾಡಿದರು. ನಲವತ್ತು ಫೋಟೊ, ಒಂದು ವಿಡಿಯೊ, ಎಲ್ಲ ನನ್ನ ಫೋನಿಗೂ ಬಂದು ಬಿದ್ದವು.

ಪಾಸ್‌ಪೋರ್ಟಿನ ಫೋಟೊ ಯಾರಿಗಾದರೂ ನೆನಪಾಯಿತೇ? ಕೋಷ್ಟಕ ಬರೆದವಳಿಗೂ ಆಗಲಿಲ್ಲ.

ಬೆಂಗಳೂರಿನಲ್ಲಿ ಏನೂ ತೊಂದರೆಯಾಗಲಿಲ್ಲ. ಅಲ್ಲಿನ ಅಧಿಕಾರಿ ಫೋಟೊ ನೋಡಿದರು, ಬೋಳು ತಲೆ ನೋಡಿದರು, "ಜವಳ ಆಯ್ತಾ ಮರಿ?" ಎಂದು ನಕ್ಕು ಠಸ್ಸೆ ಒತ್ತಿದರು. ಅಷ್ಟೇ. ಒಂದು ಪದದಲ್ಲಿ ಮುಗಿದುಹೋದ ವಿಷಯ. ಅದೇ ಧೈರ್ಯದಲ್ಲಿ ನಾನು ಮುಂದೆ ನಡೆದೆ.

ಗಾಜಿನಾಚೆ ನಮ್ಮ ವಿಮಾನ ನಿಂತಿತ್ತು. ಸಿಂಚನಾ ಕುಣಿಯುತ್ತ, "ಅಮ್ಮಾ, ಫೋಟೊ ತೆಗಿ" ಎಂದಳು. ಫೋನ್ ತೆಗೆದರೆ ಸ್ಟೋರೇಜ್ ಫುಲ್. ವಿಮಾನದ ಮೊದಲ ಫೋಟೊಗೇ ಜಾಗವಿಲ್ಲ. ಗ್ಯಾಲರಿಯಲ್ಲಿ ಯಾವುದು ಹೆಚ್ಚು ತಿಂದಿದೆ ಎಂದು ನೋಡಿದೆ. ಜವಳ. ಅಷ್ಟನ್ನೂ ಆರಿಸಿ ಅಳಿಸಿದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. (ಗಣಿತದವಳು, ಕೆಲಸ ಅರ್ಧಕ್ಕೆ ಬಿಡುವವಳಲ್ಲ.) ಹೇಗೂ ತವರುಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಇರುತ್ತದಲ್ಲ ಎಂದುಕೊಂಡೆ.

ಆ ಗ್ರೂಪನ್ನು ನಾನು ಎರಡು ದಿನದ ಹಿಂದೆ ಬಿಟ್ಟಿದ್ದೆ. ದಿನಾ ಬೆಳಗ್ಗೆ ಚಿಕ್ಕಪ್ಪ ಕಳಿಸುವ ಗುಲಾಬಿ ಹೂವಿನ ಶುಭೋದಯ ನೋಡಿ ಸಾಕಾಗಿ ಹೊರಬಂದು, ಚಾಟನ್ನೂ ಅಳಿಸಿದ್ದೆ. ಅದು ನೆನಪಾದದ್ದು ಸಿಂಗಪುರದ ಕೌಂಟರಿನ ಮುಂದೆ.

"ಕೂದಲು ತೆಗೆಸಿದ್ದೇವೆ, ದೇವರಿಗೆ ಕೊಟ್ಟಿದ್ದೇವೆ" ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಸೌಜನ್ಯದಿಂದಲೇ ಕೇಳಿಸಿಕೊಂಡಳು. ಆಮೇಲೆ ಗುಂಡನ ಕಡೆ ಬಾಗಿ, ನಿನ್ನ ಹೆಸರೇನು ಎಂದಳು.

"ಗುಂಡ" ಎಂದ ನನ್ನ ಮಗ.

ಪಾಸ್‌ಪೋರ್ಟಿನಲ್ಲಿ ಗುಂಡ ಇರಲಿಲ್ಲ. ಆಕೆಯ ಹುಬ್ಬು ಇನ್ನಷ್ಟು ಮೇಲಕ್ಕೆ ಹೋಯಿತು.

ಇಷ್ಟು ಹೊತ್ತಿಗೆ ನನ್ನ ಹಿಂದೆ ನಿಂತಿದ್ದ ಅತ್ತೆ ಹಳದಿ ಗೆರೆ ದಾಟಿ ಬಂದರು. ಸೊಸೆಗೆ ಹೇಳಲು ಬರುತ್ತಿಲ್ಲ, ತಾವೇ ಹೇಳಿಬಿಡೋಣ ಎಂದು. ಭಾಷೆ ಇಲ್ಲ, ಆದರೆ ಕೈ ಇದೆಯಲ್ಲ. ಹೆಬ್ಬೆರಳನ್ನು ಗುಂಡನ ನೆತ್ತಿಯ ಮೇಲೆ ಸರ್ರೆಂದು ಎಳೆದು ತೋರಿಸಿ, "ಕತ್ತಿ, ಕತ್ತಿ" ಎಂದರು. ಆಕೆ ಫೋನ್ ಎತ್ತಿ ಮೇಲಧಿಕಾರಿಯನ್ನು ಕರೆದಳು.

ನಮ್ಮ ಮೂವರನ್ನು ಪಕ್ಕದ ಬೆಂಚಿನ ಮೇಲೆ ಕೂರಿಸಿದರು. ಬೇರೆ ಕೌಂಟರಿನಲ್ಲಿದ್ದ ನಮ್ಮನೆಯವರೂ ಸಿಂಚನಾಳೂ ಆಗಲೇ ದಾಟಿಯಾಗಿತ್ತು. ಗಾಜಿನಾಚೆ ಮಗಳು ಕೈ ಬೀಸುತ್ತಿದ್ದಳು, ಆಮೇಲೆ ಬೀಸುವುದನ್ನು ನಿಲ್ಲಿಸಿದಳು. ಮೇಲಧಿಕಾರಿ ಬಂದು, ಮಗು ಇದೇ ಎಂದು ಖಾತ್ರಿಯಾಗುವ ತನಕ ಬಿಡಲಾಗುವುದಿಲ್ಲ ಎಂದರು. ಖಾತ್ರಿಯಾಗದಿದ್ದರೆ? ಬಂದ ದಾರಿಗೆ ಸುಂಕವಿಲ್ಲದಂತೆ ಗುಂಡನೂ ನಾನೂ ವಾಪಸ್ ವಿಮಾನ ಹತ್ತಬೇಕೇ? ಹೆತ್ತ ಮಗು ನನ್ನದೇ ಎಂದು ತೋರಿಸಲು ಒಂದು ಚಿತ್ರ ಬೇಕಿತ್ತು. ಅದನ್ನು ನಾನೇ ಅಳಿಸಿದ್ದೆ, ವಿಮಾನದ ಫೋಟೊಗೆ ಜಾಗ ಮಾಡಲು.

ನಮ್ಮನೆಯವರು ಗಾಜಿನಾಚೆ, ಅವರ ಫೋನಿನಲ್ಲಿ ಇರುವುದೂ ಬರೀ ಮೋಟಾರಿನ ಫೋಟೊಗಳೇ. ಕೇಳಿ, ಅನುಮತಿ ಪಡೆದು, ಅಲ್ಲಿಯ ವೈಫೈನಲ್ಲಿ ರವಿಗೆ ಫೋನ್ ಮಾಡಿದೆ.

"ರವಿ, ಗುಂಡನ ಜವಳದ ಫೋಟೊ ಕಳ್ಸೋ. ಅರ್ಜೆಂಟು."

"ಎಂತ ಅಕ್ಕಾ, ಸಿಂಗಪುರಕ್ಕೆ ಹೋಗಿ ಜವಳದ ಫೋಟೊ ನೋಡ್ತಾ ಕೂತಿದ್ದೀಯಾ? ಗ್ರೂಪಲ್ಲೇ ಇದೆಯಲ್ಲ."

"ಗ್ರೂಪ್ ಬಿಟ್ಟಿದ್ದೀನಿ ಮಾರಾಯ."

"ಹೌದಲ್ವಾ. ಚಿಕ್ಕಪ್ಪ ಅವತ್ತಿಂದ ಕೇಳ್ತಾನೇ ಇದ್ದಾರೆ, ನಾನೆಂತ ತಪ್ಪು ಮಾಡ್ದೆ, ಸುಮಾ ಯಾಕೆ ಹೋದ್ಲು ಅಂತ."

"ರವಿ, ನಮ್ಮನ್ನ ಕೂರಿಸಿಕೊಂಡಿದ್ದಾರೆ ಇಲ್ಲಿ."

ಅವನ ದನಿ ಬದಲಾಯಿತು. "ತಡಿ, ಕಳಿಸ್ತೀನಿ. ಬೈಕ್ ನಿಲ್ಸಿದೀನಿ. ಪುಣ್ಯಕ್ಕೆ ಆನವಟ್ಟಿಲಿದೀನಿ, ಸಿಗ್ನಲ್ ಇದೆ. ಊರಲ್ಲಾಗಿದ್ರೆ ದೇವ್ರೇ ಗತಿ."

ಫೋನಿನ ಪರದೆಯ ಮೇಲೆ ಆ ಸಣ್ಣ ಚಕ್ರ ತಿರುಗುವುದನ್ನು ನಾವು ಮೂವರೂ ನೋಡುತ್ತ ಕೂತೆವು. ಅತ್ತೆ ಮನೆದೇವರ ಹೆಸರು ಹೇಳುತ್ತಿದ್ದರು. ನಾನೂ ಹೇಳಿದೆ, ಸುಳ್ಳೇಕೆ?

ಮೊದಲು ಬಂದದ್ದು ವಿಡಿಯೊ. ಗುಂಡನನ್ನು ಎತ್ತಿಕೊಂಡು ಎದ್ದು, ಅಧಿಕಾರಿಗಳಿಬ್ಬರ ಮುಂದೆ ಹಿಡಿದು ಒತ್ತಿದೆ. ರವಿಯ ತೊಡೆಯ ಮೇಲೆ ಜುಟ್ಟಿನ ಗುಂಡ. ಕ್ಷೌರಿಕರ ಕೈ ಒಳಗೆ ಬಂತು, ಕತ್ತಿ ಮಿನುಗಿತು. ಗುಂಡ ಬಾಯಿ ತೆರೆದ: "ಮಾಮಾ ಬ್ಯಾಡಾ..."

ನನ್ನ ಸೊಂಟದ ಮೇಲಿದ್ದ ಗುಂಡನೂ ಅದನ್ನು ನೋಡಿದ. ಎರಡೂ ಕೈಯಲ್ಲಿ ಬೋಳು ತಲೆಯನ್ನು ಮುಚ್ಚಿಕೊಂಡು, ಮತ್ತೆ ಬಂದೇಬಿಟ್ಟರು ಎಂಬಂತೆ, ಬಾಯಿ ತೆರೆದ: "ಮಾಮಾ ಬ್ಯಾಡಾ..."

ಅದೇ ಬಾಯಿ. ಅದೇ ಎಡಗೆನ್ನೆಯ ಕುಳಿ. ಅದೇ ರಾಗ. ಫೋನಿನಲ್ಲೊಬ್ಬ, ಸೊಂಟದ ಮೇಲೊಬ್ಬ, ಇಬ್ಬರೂ ಒಂದೇ ಶ್ರುತಿಯಲ್ಲಿ. ಕೌಂಟರಿನ ಹೆಣ್ಣುಮಗಳು ಅದನ್ನು ನೋಡಿದಳು, ಇವನನ್ನು ನೋಡಿದಳು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮೇಲಧಿಕಾರಿ ವಿಡಿಯೊ ನಿಲ್ಲಿಸುವಂತೆ ಸನ್ನೆ ಮಾಡಿ, ಹೋಗಿ ಎಂದರು. ಗುಂಡನಿಗೆ ಒಂದು ಮಿಠಾಯಿಯೂ ಸಿಕ್ಕಿತು. ಪಾಸ್‌ಪೋರ್ಟಿನ ಫೋಟೊದಲ್ಲಿ ನಗಬಾರದು, ಅಳಬಾರದು ಎಂದು ನಿಯಮ ಮಾಡಿದವರು ಇದನ್ನು ನೋಡಬೇಕಿತ್ತು.

"ನೋಡ್ದೇನು," ಎಂದರು ಅತ್ತೆ, ಬ್ಯಾಗ್ ಎಳೆಯುತ್ತ. "ದೇವ್ರ ಸ್ವತ್ತು ದೇವ್ರಿಗೆ ಒಪ್ಸಿದ್ದಕ್ಕೆ ದಾಟಿದ್ವಿ."

ಜವಳ ಮಾಡಿಸದಿದ್ದರೆ ಈ ಫಜೀತಿಯೇ ಇರುತ್ತಿರಲಿಲ್ಲ ಎಂಬ ಲೆಕ್ಕ ನನ್ನ ನಾಲಗೆಯ ಮೇಲೆ ಬಂದು ನಿಂತಿತು. ಆದರೆ ಆಚೆಯಿಂದ ಸಿಂಚನಾ ಓಡಿ ಬರುತ್ತಿದ್ದಳು. ಬಂದು ತಮ್ಮನ ಬೋಳು ತಲೆಗೆ ಮುತ್ತಿಟ್ಟಳು. ಲೆಕ್ಕವನ್ನು ಅಲ್ಲೇ ಬಿಟ್ಟೆ.

ಐದು ದಿನ ಹೇಗೆ ಕಳೆಯಿತೋ ತಿಳಿಯದು. ಡಾಲ್ಫಿನ್ ನೀರು ಚಿಮ್ಮಿಸಿ ಸಿಂಚನಾಳನ್ನು ತೋಯಿಸಿತು. ಗುಂಡ ಎಸ್ಕಲೇಟರಿನಲ್ಲಿ ಹದಿನೇಳು ಸಲ ಹತ್ತಿಳಿದ. ಅತ್ತೆ ಎತ್ತರದ ಕಟ್ಟಡಗಳ ಕೆಳಗೆ ಕೂತು ರೊಟ್ಟಿಗೆ ಚಟ್ನಿಪುಡಿ ಹಚ್ಚಿ ಕೊಟ್ಟರು, ಅಷ್ಟು ರುಚಿಯಾದ ಊಟ ಅಲ್ಲಿ ಇನ್ನೆಲ್ಲೂ ಸಿಗಲಿಲ್ಲ. ನೂರಾರು ಫೋಟೊ ತೆಗೆದೆ. ಅವುಗಳಲ್ಲಿ ಒಂದನ್ನೂ ಈ ತನಕ ಯಾರೂ ಕೇಳಿಲ್ಲ.

ಬಂದ ಮೇಲೆ ರವಿಗೆ ಹೇಳಿ ಮತ್ತೆ ಗ್ರೂಪಿಗೆ ಸೇರಿಕೊಂಡೆ. ಮರುದಿನ ಬೆಳಗ್ಗೆ ಚಿಕ್ಕಪ್ಪನ ಗುಲಾಬಿ ಬಂತು. ಈ ಸಲ ಎರಡು ಹೂವು, ಕೆಳಗೆ ಅವರೇ ಟೈಪ್ ಮಾಡಿದ ಒಂದು ಸಾಲು: ಬಂದ್ಯಾ ಮಗಳೇ. ಓದಿ ಕಣ್ಣು ತುಂಬಿತು. ಅದನ್ನು ಉಳಿಸಿಕೊಂಡಿದ್ದೇನೆ.

ಅಂದಹಾಗೆ, ಫೋನಿನಲ್ಲಿ ಜಾಗವಿಲ್ಲ ಎಂದಾಗ ನೀವು ಮೊದಲು ಅಳಿಸುವುದು ಯಾರನ್ನು?