ಅಜ್ಜಂಪುರದ ಹೊಗೆ ತಿನ್ನುವ ನೆಂಟರು

ಟಿಣ್, ಟಿಣ್. ಸ್ಟೀಲ್ ಫ್ಲಾಸ್ಕಿನೊಳಗೆ ಗಾಜಿನ ಸೀಸೆ ಬಡಿಯುತ್ತಿದ್ದ ಆ ಸದ್ದು ಕಡೂರಿನಿಂದಲೇ ನನ್ನ ಮಡಿಲಲ್ಲಿತ್ತು. ಸೀಸೆಯಲ್ಲಿದ್ದವು ಹೊಗೆಯೊಳಗಿನ ಗ್ಯಾಸ್ ತಿಂದು ಆಲ್ಕೋಹಾಲ್ ಕೊಡುವ ಸೂಕ್ಷ್ಮಜೀವಿಗಳು. ಗಾಳಿ ತಗುಲಿದರೆ ಫಿನಿಶ್. ಕಾನ್ವೆಂಟಿನಲ್ಲಿ ನನ್ನ ಬೆಂಚ್‌ಮೇಟ್ ಆಗಿದ್ದ ಜುಬೇದಾ, ಕೆಮಿಸ್ಟ್ರಿ ಟೀಚರಾಗಿ ರಿಟೈರ್ ಆದಮೇಲೆ, ಅಜ್ಜಂಪುರದ ಹೊರಗೊಂದು ಆಲೆಮನೆಯ ಪಕ್ಕ ಬಯೋರಿಯಾಕ್ಟರ್ ಟ್ಯಾಂಕ್ ಹೂಡಿದ್ದಳು. ಬೆಲ್ಲದೊಲೆಯ ಹೊಗೆಯಿಂದ ಇಂಧನ ಮಾಡುವ ಹುಚ್ಚು; ಅದಕ್ಕೆ ಬೇಕಾದ ಜೀವಿಗಳನ್ನು ತಲುಪಿಸುವ ಕೆಲಸ ನನ್ನದು. ನಾನು ತಲುಪಿದ ಮೂರನೆಯ ದಿನ ಅನುದಾನದ ಆಫೀಸರ್ ಬಂದು ನೋಡಿ ಒಪ್ಪದಿದ್ದರೆ ಎರವಲು ತಂದ ಟ್ಯಾಂಕ್ ವಾಪಸ್.

ನೇರ ಬಸ್ ತಪ್ಪಿದ್ದರಿಂದ ಬೀರೂರು ದಾಟಿ ತರೀಕೆರೆ ಸುತ್ತಿಕೊಂಡು ಹೋದೆ. ಆಧಾರ್ ತೋರಿಸಿದ್ದಕ್ಕೆ ಟಿಕೆಟ್ ಫ್ರೀ, ಬಿಸಿಲೂ ಧಾರಾಳ. ಪಕ್ಕದ ಹೆಂಗಸು ಫ್ಲಾಸ್ಕ್ ನೋಡಿ, "ಕಾಫಿನೇನಮ್ಮ? ಒಂದ್ಗುಟ್ಕು ಕೊಡಿ, ತಲೆ ಸಿಡೀತೈತೆ" ಅಂದಳು.

"ಇದ್ರಲ್ಲಿ ಹುಳ ಇದಾವೆ ಕಣಮ್ಮ" ಅಂದೆ.

ಆಕೆ ತರೀಕೆರೆಯವರೆಗೂ ನಿಂತೇ ಬಂದಳು.

ಅಜ್ಜಂಪುರದಲ್ಲಿ ಜುಬೇದಾ, "ಎಲ್ಲಿ ಕಣೇ ಅವು?" ಎಂದು ಮೊದಲು ಫ್ಲಾಸ್ಕನ್ನೇ ಅಪ್ಪಿಕೊಂಡಳು. ಸಂಜೆಯೊಳಗೆ ಅವು ಟ್ಯಾಂಕ್ ಸೇರಿದವು. ಬೆಲ್ಲ ಕಾಯಿಸುವ ರಂಗಪ್ಪ ನನಗೆ ಒಂದು ಚೊಂಬು ಕಬ್ಬಿನಹಾಲು ಕೊಟ್ಟ. ಆಲೆಮನೆಗೆ ಬಂದವರು ಅದನ್ನು ಕುಡಿಯದೆ ಹೋಗುವಂತಿಲ್ಲ.

ಮೂರನೆಯ ದಿನ ಟ್ಯಾಂಕ್ ನೊರೆ ಉಕ್ಕಿಸುತ್ತ ಸಾರಾಯಿ ಅಂಗಡಿಯಂತೆ ನಾರುತ್ತಿತ್ತು. ಆಫೀಸರ್ ಮೂಸಿ, "ವಂಡರ್‌ಫುಲ್ ಮೇಡಂ, ಹೊಗೆಯಿಂದ ಇಷ್ಟೊಂದಾ?" ಎಂದು ಪೆನ್ ತೆಗೆದರು.

ಜುಬೇದಾ ರಂಗಪ್ಪನ ಕಡೆ ತಿರುಗಿದಳು. "ಏನೋ ಹಾಕ್ದೆ?"

"ಎಲ್ಡು ಕೊಡ ಕಬ್ಬಿನಾಲು, ಮೇಡಮ್ಮೋರೆ. ಬಸ್ಸಲ್ಲಿ ಬಂದಿರೋ ಜೀವ ಅಂದ್ರಿ. ನೆಂಟ್ರಿಗೆ ಬರೀ ಹೊಗೆ ಕೊಡಾಕಾಯ್ತದಾ?"

ಸುಮ್ಮನಿರಲೆಂದು ನಾನು ಅವಳ ಸೆರಗೆಳೆದೆ. ಅವಳು ಕ್ಲಾಸಿನ ದನಿಯಲ್ಲೇ ಹೇಳಿಬಿಟ್ಟಳು: "ಸಾರಿ ಸರ್. ಇದು ಹೊಗೆಯದಲ್ಲ, ಕಬ್ಬಿನಹಾಲು ಹುಳಿತದ್ದು." ಪೆನ್ ಜೇಬಿಗೆ ಹೋಯಿತು.

ಆಫೀಸರ್ ಹೋದಮೇಲೆ, "ಸೈನ್ ಆದ್ಮೇಲೆ ಹೇಳಬಾರದಿತ್ತೇನೇ?" ಅಂದೆ.

"ಆಮೇಲೆ ಅವರು ಬಂದಾಗಲೆಲ್ಲ ನೀನು ಕಬ್ಬು ಹಿಂಡ್ತಿದ್ದೆಯಾ?" ಅಂದಳು.

ಸಾಯಂಕಾಲದ ರೈಲಿಗೆ ಹೊರಟೆ. ಆಟೋದಿಂದ ತಿರುಗಿ ನೋಡಿದಾಗ ಜುಬೇದಾ ಸೆರಗು ಸಿಕ್ಕಿಸಿ, ವಾಪಸ್ ಹೋಗಲಿದ್ದ ಟ್ಯಾಂಕಿನೊಳಗೆ ಭುಜದವರೆಗೆ ಕೈಯಿಟ್ಟು ಉಜ್ಜುತ್ತಿದ್ದಳು. ಬಿಸಿನೀರು ಹೊತ್ತು ತಂದ ರಂಗಪ್ಪನಿಗೆ ಬೈಯುತ್ತಲೇ, ಅವನು ಚಾಚಿದ ಬೆಲ್ಲದ ಚೂರಿಗೆ ಬಾಯಿ ತೆರೆದಳು. ಅವಳನ್ನು ನಾನು ಕೊನೆಯ ಸಲ ಕಂಡದ್ದು ಹಾಗೆ.