ಸಕ್ಕರೆಯ ಅಂಗಿ ತೊಟ್ಟ ಸೂಕ್ಷ್ಮಾಣು, ಜ್ವರಕ್ಕೆ ಅಂಜಿದ ಬೀಗತಿ

"ಕೂಸಿಗೆ ಸೂಜಿ ಬ್ಯಾಡ ಅಂತ ನಾನೆಲ್ಲಿ ಅಂದೀನವ್ವ? ನಮ್ಮ ಮನ್ಯಾಗ ಬ್ಯಾಡ ಅಂದೀನಿ, ಅಷ್ಟ!"

ಇದು ನನ್ನ ತಂಗಿ ಕಾವ್ಯಾಳ ಅತ್ತೆ ಶಾಂತಮ್ಮನವರ ಮಾತು. ಈಚೆಗೆ ಎಮ್ಮಿಗನೂರಿನ ಅವರ ಪಡಸಾಲೆಯಲ್ಲಿ ಕೂತು ಕೇಳಿದ್ದು. ಸೂಜಿಗೂ ಮನೆಗೂ ಏನು ಸಂಬಂಧ? ನನಗೆ ತಲೆಬುಡ ತಿಳಿಯಲಿಲ್ಲ.

ವಿಷಯ ಇಷ್ಟು. ಕಾವ್ಯಾಳ ಹೆರಿಗೆ, ಬಾಣಂತನ ಎರಡೂ ನಮ್ಮೂರು ಬಂಡ್ರಿಯಲ್ಲಿ ಆದವು. ನ್ಯುಮೋನಿಯಾ ತಡೆಯುವ ಲಸಿಕೆಯ ಮೊದಲ ಡೋಸ್ ಅಲ್ಲೇ ಹಾಕಿಸಿದ್ದೆವು. ಎರಡನೆಯದರ ಹೊತ್ತಿಗೆ ಅವಳನ್ನು ಗಂಡನ ಮನೆಗೆ ಕಳಿಸುವ ಗಡಿಬಿಡಿ. ಅಲ್ಲಿ ಹಾಕಿಸುತ್ತಾರೆ ಎಂದುಕೊಂಡು ನಾವು ಸುಮ್ಮನಿದ್ದೆವು. ತವರಿನವರು ಹಾಕಿಸಿಯೇ ಕಳಿಸಿರುತ್ತಾರೆ ಎಂದುಕೊಂಡು ಅವರು ಸುಮ್ಮನಿದ್ದರು. ಡೋಸ್ ತಪ್ಪಿತು.

ಕೂಸು ತಿಂಗಳು ತುಂಬುವ ಮೊದಲೇ ಹುಟ್ಟಿದ್ದು, ಇನ್ನೂ ಸಣಕಲು. ಮನೆಯಲ್ಲಿ ಅದರ ಅಜ್ಜನಿಗೆ ಬಿಡದ ಕೆಮ್ಮು. ಆದರೂ ಮೊಮ್ಮಗಳನ್ನು ತೊಡೆಯಿಂದ ಇಳಿಸುವುದಿಲ್ಲ. ಕಾವ್ಯ ಫೋನಿನಲ್ಲಿ ಅತ್ತಳು. "ಅಕ್ಕ, ನೀನರ ಬಂದು ಹೇಳು. ಇಲ್ಲಿ ನನ್ನ ಮಾತು ನಡಿಯಂಗಿಲ್ಲ."

ನಾನು ಹೊಸಪೇಟೆಯ ಒಂದು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತೇನೆ. ಗಣಿಯಲ್ಲಿ ಅದಿರು ಆರಿಸಿದವರ ಮಗಳು. ನಮ್ಮ ಮನೆತನದ ಮೊದಲ ಡಿಗ್ರಿ ನನ್ನದು. (ಇದನ್ನೆಲ್ಲ ಹೇಳಿಕೊಳ್ಳಬಾರದು ಎನ್ನುವವರಿದ್ದಾರೆ. ಅವರ ಮನೆಯಲ್ಲಿ ಅಜ್ಜನ ಕಾಲದಿಂದ ಡಿಗ್ರಿ ಇರುತ್ತದೆ.) ಹಾಗಾಗಿ ಎಮ್ಮಿಗನೂರಿಗೆಂದು ಕಂಪ್ಲಿ ಬಸ್ಸು ಹತ್ತುವಾಗ ನನಗೆ ಅನುಮಾನವೇ ಇರಲಿಲ್ಲ. ಬಿಡಿಸಿ ಹೇಳಿದರೆ ಯಾರು ತಾನೆ ಒಪ್ಪುವುದಿಲ್ಲ?

ಹೇಳಿದೆ. ಲೋಟದ ಚಹಾ ಕೆನೆಗಟ್ಟುವ ತನಕ ಹೇಳಿದೆ.

ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾಗಳಲ್ಲಿ ಒಂದು ಭಾರೀ ಚಾಲಾಕಿ. ಅದು ಮೈತುಂಬ ಸಕ್ಕರೆಯ ಅಂಗಿ ತೊಟ್ಟು ಬರುತ್ತದೆ. (ಚಹಾಕ್ಕೆ ಹಾಕುವ ಸಕ್ಕರೆಯಲ್ಲ. ಬೇರೆ ಬೇರೆ ಸಕ್ಕರೆಗಳ ಉದ್ದುದ್ದ ಸರಪಳಿ.) ಆ ಅಂಗಿ ಎಷ್ಟು ಜಾರುತ್ತದೆಂದರೆ ನಮ್ಮ ರಕ್ತದ ಬಿಳಿ ಕಣಗಳಿಗೆ ಅದನ್ನು ಹಿಡಿದು ನುಂಗಲು ಆಗುವುದಿಲ್ಲ. ಆ ಸಕ್ಕರೆಯನ್ನೇ ಗುರುತಿಸಿ ಅಂಟಿಕೊಳ್ಳುವ ಆಂಟಿಬಾಡಿ ದೇಹದಲ್ಲಿ ಇದ್ದರೆ ಮಾತ್ರ ಹಿಡಿತ ಸಿಗುತ್ತದೆ. ಅದರಲ್ಲೂ ಈ ಬ್ಯಾಕ್ಟೀರಿಯಾದ ಒಂದೊಂದು ತಳಿಗೆ ಒಂದೊಂದು ಬಗೆಯ ಅಂಗಿ. ಒಂದಕ್ಕೆ ತಯಾರಾದ ಆಂಟಿಬಾಡಿ ಸಾಮಾನ್ಯವಾಗಿ ಇನ್ನೊಂದಕ್ಕೆ ನಡೆಯುವುದಿಲ್ಲ. ಅದಕ್ಕೇ ಲಸಿಕೆಯಲ್ಲಿ ಹಲವು ತಳಿಗಳ ಸಕ್ಕರೆ ಸೇರಿಸಿರುತ್ತಾರೆ. ದೊಡ್ಡವರ ದೇಹ ಬರೀ ಸಕ್ಕರೆ ಕಂಡರೂ ಆಂಟಿಬಾಡಿ ಮಾಡೀತು. ಎರಡು ವರ್ಷದೊಳಗಿನ ಕೂಸಿನ ದೇಹ? ಸಕ್ಕರೆ ಬಂದು ಎದುರಿಗೆ ನಿಂತರೂ ಅದು ಹೆಚ್ಚುಕಡಿಮೆ ತಿರುಗಿಯೂ ನೋಡುವುದಿಲ್ಲ.

ಶಾಂತಮ್ಮ ಪೂರಾ ಕೇಳಿದರು. "ಭಾಳ ಚಲೋ ಹೇಳ್ತಿ ನೋಡವ್ವ. ಟಿವಿಯಾಗ ಹೇಳಿದಂಗ ಆತು. ಏಳು, ಊಟ ಮಾಡು."

"ಅತ್ತಿ, ಮತ್ತ ಸೂಜಿ?" ಎಂದೆ.

ಆಗ ಬಂತು ಆ ಮಾತು. ನಮ್ಮ ಮನೆಯಲ್ಲಿ ಬ್ಯಾಡ. "ಕೂಸು ನಮ್ಮ ಹೊಸ್ತಿಲ ದಾಟಿ ಇನ್ನ ತಿಂಗಳಾಗಿಲ್ಲ. ಸೂಜಿ ಹಾಕಿಸಿದ್ರ ಸಂಜೀಕ ಮೈ ಕಾಯ್ತತಿ. ನಿಮ್ಮವ್ವ ಏನಂದಾಳು? ಬೀಗರ ಮನಿಗೆ ಹೋದ ಕೂಡ್ಲೆ ಕೂಸು ಜ್ವರ ಬಂದು ಮಲಗ್ತು ಅನ್ನಂಗಿಲ್ಲೇನು? ಓಣ್ಯಾಗ ನನ್ನ ಆಡ್ಕೊಂತಾರ. ಹಬ್ಬಕ್ಕ ತವರಿಗೆ ಕಳಿಸ್ತೀನಲ್ಲ, ಬಂಡ್ರ್ಯಾಗ ಹಾಕಿಸ್ರಿ."

ನನಗೆ ಮೊದಲು ಸಿಟ್ಟು ಬಂತು. ಹಬ್ಬ ಬರುವ ತನಕ ಬ್ಯಾಕ್ಟೀರಿಯಾ ಕಾಯುತ್ತದೆಯೇ? ಆಮೇಲೆ ಹೊಳೆಯಿತು. ಈಕೆಗೆ ಲಸಿಕೆಯ ಭಯವಿಲ್ಲ, ಮಾತಿನ ಭಯ. ಅದಕ್ಕೆ ನಾನು ಸಕ್ಕರೆಯ ಕತೆ ಹೇಳುತ್ತ ಕೂತಿದ್ದೇನೆ!

ಅವ್ವನಿಗೆ ಫೋನ್ ಮಾಡಿ ಸಂಗತಿ ಹೇಳಿ, ಸ್ಪೀಕರ್ ಹಾಕಿ ಶಾಂತಮ್ಮನವರ ಮುಂದಿಟ್ಟೆ.

"ಬೀಗ್ತಿ, ಊಟ ಆತೇನ್ರಿ?" ಅವ್ವನ ದನಿ.

"ಎಲ್ಲೀದ್ರಿ, ನಿಮ್ಮ ಮಗಳು ಪಾಠ ಮುಗಿಸಿದ್ರಲ್ಲ!"

ಇಬ್ಬರೂ ನಕ್ಕರು. (ನನ್ನ ಮೇಲೆ. ಇರಲಿ.) ಆಮೇಲೆ ಅವ್ವನೇ ಮಾತು ತೆಗೆದಳು.

"ನನ್ನ ಚೊಚ್ಚಲ ಕೂಸಿನ ಸುದ್ದಿ ನಿಮಗ ಗೊತ್ತೈತಲ್ರಿ. ಎದಿಗೂಡು ಒಳಗ ಒಳಗ ಎಳೀತಿತ್ತು. ಲಾರಿಯಾಗ ಹಾಕ್ಕೊಂಡು ಹೊಂಟಿವಿ, ಕೂಸು ಸಂಡೂರ ದವಾಖಾನಿ ಮುಟ್ಟಲಿಲ್ಲ. ಆಗ ನಮಗ ಈ ಸೂಜಿ ಇರಲಿಲ್ಲ. ಈಗ ಐತಿ. ಜ್ವರ ಬಂದ್ರ ಬರ್ಲಿ ಬಿಡ್ರಿ, ನಮ್ಮ ಮನ್ಯಾಗೂ ಬಂದಿತ್ತಲ್ಲ, ನೀವು ಏನರ ಅಂದ್ರೇನು? ಯಾರರ ಕೇಳಿದ್ರ, ನಮ್ಮ ಬೀಗ್ತಿನ ಹಾಕಿಸು ಅಂದ್ಲು ಅನ್ರಿ. ಮಾತು ನನ್ನ ಮ್ಯಾಲಿರ್ಲಿ."

ಶಾಂತಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ನೀವ ಅಂದ ಮ್ಯಾಲೆ ಮುಗೀತು ಬಿಡ್ರಿ."

ಆ ಗುರುವಾರ ಅವರೇ ಕೂಸನ್ನು ಎತ್ತಿಕೊಂಡು ಲಸಿಕೆ ಹಾಕುವಲ್ಲಿಗೆ ಹೋದರಂತೆ. ಸಂಜೆ ಮೈ ಬಿಸಿಯಾಯಿತು. ಓಣಿಯವರು ವಿಚಾರಿಸಲು ಬಾಯಿ ತೆರೆಯುವ ಮೊದಲೇ "ನಮ್ಮ ಬೀಗ್ತಿ ಹೇಳ್ಯಾಳ್ರಿ" ಎಂದು ತಾವೇ ಸಾರಿದರಂತೆ. ಮರುದಿನ ಜ್ವರ ಇಳಿಯಿತು, ಕೂಸು ಆಡತೊಡಗಿತು.

ಕಾವ್ಯ ಇದನ್ನೆಲ್ಲ ಫೋನಿನಲ್ಲಿ ಹೇಳುವಾಗ ನನ್ನ ತಲೆಯಲ್ಲಿ ಆ ಲಸಿಕೆಯೇ ಓಡುತ್ತಿತ್ತು. ಬರೀ ಸಕ್ಕರೆಗೆ ಕೂಸಿನ ದೇಹ ಓಗೊಡುವುದಿಲ್ಲ ಎಂದು ಗೊತ್ತಾದ ಮೇಲೆ ವಿಜ್ಞಾನಿಗಳು ಏನು ಮಾಡಿದರು? ಸಕ್ಕರೆಯನ್ನು ಇನ್ನಷ್ಟು ಸುರಿಯಲಿಲ್ಲ. ಅದನ್ನು ಒಂದು ಪ್ರೋಟೀನಿಗೆ ಕಟ್ಟಿದರು. ಸಕ್ಕರೆಯನ್ನು ಗುರುತು ಹಿಡಿಯುವ ಜೀವಕೋಶವು ಸಕ್ಕರೆ, ಪ್ರೋಟೀನು ಎರಡನ್ನೂ ಒಟ್ಟಿಗೆ ನುಂಗಿ, ಪ್ರೋಟೀನಿನ ಚೂರುಗಳನ್ನು ಹೊರಗೆ ತೋರಿಸುತ್ತದೆ. ಪ್ರೋಟೀನನ್ನು ಗುರುತಿಸಬಲ್ಲ ಸಹಾಯಕ ಕೋಶ ಬಂದು "ಹೂಂ, ನಡಿ" ಎನ್ನುತ್ತದೆ. ಆಗ ಆ ಮೊದಲ ಕೋಶ ಸಕ್ಕರೆಗೆ ಆಂಟಿಬಾಡಿ ತಯಾರಿಸುತ್ತದೆ, ಸಕ್ಕರೆಯ ನೆನಪನ್ನೂ ಇಟ್ಟುಕೊಳ್ಳುತ್ತದೆ. ಒಪ್ಪಿಗೆ ಸಿಕ್ಕಿದ್ದು ಪ್ರೋಟೀನಿನಿಂದ, ಕಲಿತದ್ದು ಸಕ್ಕರೆಯನ್ನು.

ಇದನ್ನು ನಾನು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆಯುತ್ತೇನೆ. ಪರೀಕ್ಷೆಗೆ ಗ್ಯಾರಂಟಿ ಪ್ರಶ್ನೆ ಎಂದೂ ಹೇಳುತ್ತೇನೆ. ಆದರೂ ಎಮ್ಮಿಗನೂರಿಗೆ ನಾನು ಬರೀ ಸಕ್ಕರೆ ಹೊತ್ತು ಹೋಗಿದ್ದೆ.

ಓದು ದಂಡ ಎಂದು ನಾನು ಹೇಳುತ್ತಿಲ್ಲ, ಹೇಳುವುದೂ ಇಲ್ಲ. ಅದಕ್ಕೆ ನಮ್ಮ ಮನೆ ತೆತ್ತದ್ದು ಹೆಚ್ಚು. ಯಾರೋ ಕಷ್ಟಪಟ್ಟು ಆ ಲಸಿಕೆ ಮಾಡದಿದ್ದರೆ ಅವ್ವನ ಬಳಿ ಹೇಳಲು ಬರೀ ದುಃಖ ಇರುತ್ತಿತ್ತು. ಆದರೆ ಅವ್ವ ಮಾತಾಡದಿದ್ದರೆ ಆ ಲಸಿಕೆ ಐಸ್ ಬಾಕ್ಸಿನಲ್ಲೇ ಉಳಿಯುತ್ತಿತ್ತು.

ಊರೂರಿಗೆ ಹೋಗಿ ತಿಳಿವಳಿಕೆ ಹೇಳುವ ನಾವು, ಓದಿದವರು, ಜನ ಕೇಳುವುದಿಲ್ಲ ಎಂದು ಗೊಣಗುತ್ತ ವಾಪಸು ಬರುತ್ತೇವೆ. ಹೋಗುವಾಗ ಜೊತೆಗೆ ಯಾರನ್ನು ಕರೆದುಕೊಂಡು ಹೋಗಿದ್ದೆವು?